ಅಕ್ಕೋರ ದನಿ ಹೋದ ಕತೆ

ನಮ್ಮ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಅಕ್ಕೋರ ದನಿ ಹೇಗೆ ಹೋಯಿತು ಎಂದು ಕೇಳಿದರೆ ಅಥಣಿಯಿಂದ ನಿಪ್ಪಾಣಿಯವರೆಗೆ ಎಲ್ಲರ ಬಳಿಯೂ ಒಂದೇ ಉತ್ತರವಿತ್ತು: ಸಿಂಧೂರ. ಆಕೆ ನಾಟಕ ಕಂಪನಿಯಲ್ಲಿ ಹೆಸರಾಗಿದ್ದ ಕಾಲದಲ್ಲಿ ಹೊಟ್ಟೆಕಿಚ್ಚಿನವರು ಯಾರೋ ಸಿಂಧೂರ ತಿನ್ನಿಸಿದರು, ಗಂಟಲು ಕಟ್ಟಿತು, ಮತ್ತೆ ಬಿಡಲಿಲ್ಲ.

ಸರಿ, ಒಪ್ಪೋಣ. ಆದರೆ ತಿನ್ನಿಸಿದ್ದು ಯಾವುದರಲ್ಲಿ? ಅಥಣಿಯವರು ಎಲೆ-ಅಡಿಕೆಯಲ್ಲಿ ಎನ್ನುತ್ತಿದ್ದರು. ಕಾಗವಾಡದವರು ಹಾಲಿನಲ್ಲಿ ಎಂದರು. ರಾಯಬಾಗದ ನಮ್ಮ ಸೋದರತ್ತೆ ಪೇಡೆಯಲ್ಲಿ ಎಂದು ಆಣೆ ಮಾಡಿ ಹೇಳಿದಳು. ತಿನ್ನಿಸಿದವರು ಯಾರು? ಕಂಪನಿಯ ಎರಡನೇ ನಾಯಕಿ, ಮಾಲಕರ ಹೆಂಡತಿ, ಮೀರಜಿನಿಂದ ಬಂದ ಒಬ್ಬ ಗಾಯಕ. ಮೂರು ಊರು, ಮೂರು ತಿನಿಸು, ಮೂವರು ಆರೋಪಿಗಳು. ಸಾಕ್ಷಿ ಒಬ್ಬರೂ ಇಲ್ಲ. ಹದಿನೈದನೇ ವಯಸ್ಸಿನಿಂದ ಎಲೆ ಹಾಕುತ್ತ ಬಂದ ಹೆಂಗಸಿಗೆ ಬಾಯಲ್ಲಿ ಸಿಂಧೂರದ ರುಚಿ ಗೊತ್ತಾಗಲಿಲ್ಲವೇ? ಗಂಟಲು ಸುಟ್ಟ ಸಿಂಧೂರ ನಾಲಿಗೆಯನ್ನು ಯಾಕೆ ಬಿಟ್ಟಿತು? ಇಂಥ ಪ್ರಶ್ನೆ ಕೇಳಿದರೆ ಅತ್ತೆ, “ನಿನ್ನ ಕೂಡ ಮಾತಾಡೂದಂದ್ರ ಕೋರ್ಟಿಗೆ ಹೋದಂಗ ಬೇ,” ಎಂದು ಎದ್ದು ಹೋಗುತ್ತಿದ್ದಳು.

ಎಂಬತ್ತರ ದಶಕದ ಕೊನೆಯ ಮಾತಿದು. ನಾನು ನಿಪ್ಪಾಣಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹತ್ತನೇ ಇಯತ್ತೆಯಲ್ಲಿದ್ದೆ. ಚರ್ಚಾಸ್ಪರ್ಧೆಯೆಂದರೆ ನನ್ನದೇ ಹೆಸರು. ನಮ್ಮ ಅಪ್ಪ ತಂಬಾಕಿನ ವ್ಯಾಪಾರಿ, ಬೇಡಕಿಹಾಳದ ಕಡೆ ಕಬ್ಬಿನ ಹೊಲವಿತ್ತು. ಶಾಲೆಯ ಕಮಿಟಿಗೆ ಅವನೇ ಕಾರ್ಯದರ್ಶಿ. ಹಾಗಾಗಿ ನಾನು ಎಷ್ಟು ವಾದ ಮಾಡಿದರೂ ಶಿಕ್ಷಕರು ಸಹಿಸಿಕೊಳ್ಳುತ್ತಿದ್ದರು. ಇದನ್ನು ಈಗ ಒಪ್ಪಿಕೊಳ್ಳುತ್ತೇನೆ, ಆಗ ನನ್ನ ಬುದ್ಧಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ.

ಅಕ್ಕೋರು ಕಂಪನಿಯಲ್ಲಿ ಹಾಡುವುದಷ್ಟೇ ಅಲ್ಲ, ರಾಣಿಯ ಪಾತ್ರ ಮಾಡುತ್ತಿದ್ದರು, ಹಾಡುಗಳಿಗೆ ಚಾಲ ಹಚ್ಚುತ್ತಿದ್ದರು. ಬರೆದ ಪದಕ್ಕೆ ರಾಗ-ತಾಳ ಕೂಡಿಸುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಕಂಪನಿಯಲ್ಲಿ ಆ ಕೆಲಸ ಗಂಡಸರದು; ಈಕೆ ಪೇಟಿ ಎಳೆದುಕೊಂಡು ತಾನೇ ಕೂತಳಂತೆ. ನಮ್ಮ ಶಾಲೆಯಲ್ಲೂ ಅದೇ ಪೇಟಿ, ಅದೇ ಹಾರ್ಮೋನಿಯಂ. ಕುತ್ತಿಗೆಗೆ ಸದಾ ಸುತ್ತಿದ ಬಿಳಿ ವಸ್ತ್ರ, ಮೇಜಿನ ಮೇಲೆ ಜೇಷ್ಠಮಧುವಿನ ಡಬ್ಬಿ, ಒಡಕು ಮಡಕೆಗೆ ಉಗುರು ತಾಗಿಸಿದಂಥ ಮಾತು. ಎಂದೂ ಒಂದು ಸಾಲು ಹಾಡಿ ತೋರಿಸಲಿಲ್ಲ. ಪೇಟಿಯ ಮೇಲೆ ನುಡಿಸುತ್ತಿದ್ದರು, ನಾವು ಹಿಂದೆ ಹಿಂದೆ ಹಾಡಬೇಕು. ಪೇಟಿಯ ಒಂದೊಂದು ಕೀಲಿಗೂ ಮನೆ ಎನ್ನುತ್ತಾರೆ; ತಪ್ಪಿದರೆ ಆ ಸ್ವರದ ಮನೆಯ ಮೇಲೆ ಬೆರಳೂರಿ, ನಾವು ಅಲ್ಲಿಗೆ ಬರುವ ತನಕ ಎತ್ತುತ್ತಿರಲಿಲ್ಲ. ಪ್ರತಿ ಹುಡುಗಿಯ ದನಿ ಯಾವ ಮನೆಯದು ಎಂಬುದು ಅವರಿಗೆ ಗೊತ್ತು, ಹಾಜರಿ ಕರೆಯುವಾಗಲೂ, “ಕಾಳೀ ಪಾಚ್ ಎಲ್ಲಿ, ಇವತ್ತೂ ಬಂದಿಲ್ಲೇನ?” ಎಂದು ಕೇಳುತ್ತಿದ್ದರು. ಕಪ್ಪು ಐದನೇ ಮನೆಯ ಹುಡುಗಿ ಎಂದರ್ಥ. ನನಗೆ ಯಾವ ಮನೆಯನ್ನೂ ಕೊಟ್ಟಿರಲಿಲ್ಲ. “ನೀ ಮಾತಾಡವಾ, ಅದ ನಿನಗ ಹಾಡು,” ಎಂದುಬಿಟ್ಟಿದ್ದರು.

ಅಕ್ಕೋರು ವಾಸವಿದ್ದ ಒಂಟಿ ಕೋಣೆಯ ಖೋಲಿ ಶಾಲೆಯದೇ. ಅದರ ಒಂದು ಗೋಡೆಗೆ ಹತ್ತಿ ಹಿಟ್ಟಿನ ಗಿರಣಿ. ಡೀಸೆಲ್ ಇಂಜಿನ್ನಿನ ಗಿರಣಿ ಅದು, ಶುರುವಾದರೆ ಎದುರಿಗೆ ನಿಂತವರ ಮಾತು ಕೇಳುವುದಿಲ್ಲ. ಒಂದು ರವಿವಾರ ಮಧ್ಯಾಹ್ನ ಜೋಳದ ಡಬ್ಬಿ ಹೊತ್ತು ಅಲ್ಲಿಗೆ ಹೋಗಿದ್ದೆ. ನನ್ನ ಜೋಳ ಅರ್ಧ ಬಿದ್ದಿತ್ತು. ಡೀಸೆಲ್ ಮುಗಿದು ಇಂಜಿನ್ ಎರಡು ಸಲ ಕೆಮ್ಮಿ ಒಮ್ಮೆಲೇ ನಿಂತುಹೋಯಿತು.

ಗಿರಣಿ ನಿಂತಿತು, ಗೋಡೆಯಾಚೆಯ ಹಾಡು ನಿಲ್ಲಲಿಲ್ಲ.

ಎಷ್ಟು ಹೊತ್ತು? ಮೂರು ಎಣಿಸುವಷ್ಟು. ಒಂದು ಹೆಣ್ಣುದನಿ ಮೇಲಿನ ಸ್ವರದಲ್ಲಿ, ಎಳೆಯದ ಹಾಗೆ, ಏನೂ ಒದ್ದಾಡದೆ ನಿಂತಿತ್ತು. ಆಮೇಲೆ ಕತ್ತರಿಸಿದ ಹಾಗೆ ಕಡಿದುಹೋಯಿತು. ಕಿವಿ ಮಂದವಾಗಿದ್ದ ಗಿರಣಿಯವನಿಗೂ ಏನೋ ತಾಗಿರಬೇಕು, “ರೇಡಿಯೋ ಹಚ್ಯಾರ ನೋಡು,” ಎಂದ.

ರೇಡಿಯೋ? ಗಿರಣಿ ನಿಂತದ್ದು ರೇಡಿಯೋಕ್ಕೆ ಹೇಗೆ ಗೊತ್ತಾಗಬೇಕು? ನಾನು ಡಬ್ಬಿ ಅಲ್ಲೇ ಬಿಟ್ಟು ಸುತ್ತು ಹಾಕಿ ಬಾಗಿಲು ಬಡಿದೆ.

“ಅಕ್ಕೋರ, ರೇಡಿಯೋ ತೊಗೊಂಡ್ರೇನ್ರಿ?”

ಬಾಗಿಲು ತೆರೆದು ಅವರು ನನ್ನ ಕೈಗೆ ಹತ್ತಿದ್ದ ಹಿಟ್ಟು ನೋಡಿದರು. “ನಿಮ್ಮ ಮನ್ಯಾಗ ಆಳಮಂದಿ ಇಲ್ಲೇನ? ಬೀಸಾಕ ನಿನ್ನ ಯಾಕ ಕಳಿಸಿದ್ರು?” ಎಂದರು, ಅದೇ ಒಡಕು ದನಿಯಲ್ಲಿ.

“ಆಳಮಂದಿ ಆಗಿದ್ರ ರೇಡಿಯೋ ಅಂತ ನಂಬಿ ಹೋಗತಿದ್ರು.”

ಅವರು ಓಣಿಯ ಎರಡೂ ಕಡೆ ನೋಡಿದರು. ಆಮೇಲೆ, “ಒಳಗ ಬಾ, ಬಾಗಲಾ ಮುಂದ ಮಾಡು,” ಎಂದರು. ಈ ಮಾತು ಒಡಕು ದನಿಯಲ್ಲಿರಲಿಲ್ಲ. ಎರಡು ವರ್ಷ ದಿನಾ ನೋಡಿದ ಮನುಷ್ಯಳ ಬಾಯಿಂದ ಬೇರೆಯವಳು ಮಾತಾಡಿದ ಹಾಗೆ ನಾನು ಬೆಚ್ಚಿಬಿದ್ದೆ.

ಒಳಗೆ ಹೇಳಿದ್ದು ಇಷ್ಟು. ಮಾಲಕರು ಸತ್ತು ಕಂಪನಿ ಒಡೆದಾಗ ಅಕ್ಕೋರು ಒಂದು ಪೇಟಿ, ಒಂದು ಟ್ರಂಕು ಹಿಡಿದು ನಿಪ್ಪಾಣಿಗೆ ಬಂದರು. ಶಾಲೆಗೆ ಸಂಗೀತ ಕಲಿಸುವವರು ಬೇಕಾಗಿತ್ತು. ಆದರೆ ಕಂಪನಿಯ ಹೆಂಗಸು, ಗಂಡಸರ ಮುಂದೆ ಹಾಡಿ ಕುಣಿದವಳು, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಕಲಿಸುವುದೇ ಎಂದು ಕಮಿಟಿಯಲ್ಲಿ ಗದ್ದಲವಾಯಿತು. ಆಗ ಒಬ್ಬರು ಒಂದು ದಾರಿ ಹುಡುಕಿದರು.

“ದನಿ ಹೋಗೇತಿ ಅಂತ ಹೇಳೂಣು ಅಂದ್ರು. ದನಿ ಹೋದಾಕಿ ಮ್ಯಾಲ ಯಾರಿಗಿ ಸಿಟ್ಟ ಬರತೈತಿ? ಎಲ್ಲಾರೂ ಅಯ್ಯೋ ಪಾಪ ಅಂತಾರ. ನಾ ಹಾಡಂಗಿಲ್ಲ, ಎಲ್ಲೂ, ಯಾವತ್ತೂ. ಆ ಶರತ್ತಿನ ಮ್ಯಾಲ ತೊಗೊಂಡ್ರು.”

“ಅಂದ್ರ ಸಿಂಧೂರ?”

“ಅದೂ ಅವರದ. ಕತಿಗೆ ಒಂದು ಕಾರಣ ಬೇಕಲ್ಲ.”

“ಯಾರ್ರಿ ಅವರು?”

“ಇನ್ನೂ ಇದ್ದಾರ. ಹೆಸರ ಬ್ಯಾಡ.”

ನನಗೆ ತಡೆಯಲಾಗಲಿಲ್ಲ. “ನೀವು ಹೂಂ ಅಂದ್ರೇನ್ರಿ? ಇದು ಅನ್ಯಾಯ ಅಲ್ಲೇನ್ರಿ?”

“ರಾಣಿ ಪಾತ್ರ ಮಾಡೇನಿ, ಮಾಟಗಾತಿ ಪಾತ್ರ ಮಾಡೇನಿ, ಒಂದಿನ ನಾಯಕ ಕುಡದ ಬಿದ್ದಾಗ ನಾಯಕನ ಪಾತ್ರನೂ ಮಾಡೇನಿ. ದನಿ ಹೋದಾಕಿ ಪಾತ್ರ ಮಾಡಾಕ ಬರಂಗಿಲ್ಲೇನ ನನಗ? ಇದರಾಗ ಪಡದೆ ಬೀಳೂದಿಲ್ಲ, ಅಷ್ಟ.” ನಕ್ಕರು. ಆಮೇಲೆ ನಗು ಬಿಟ್ಟು, “ಹಾಡೂದು ಗೊತ್ತಾದ್ರ ನೌಕರಿ ಹೋಗತೈತಿ ತಂಗಿ. ನೌಕರಿ ಹ್ವಾದ್ರ ಈ ಖೋಲಿ ಹೋಗತೈತಿ. ನನಗ ಬ್ಯಾರೆ ಮನಿ ಇಲ್ಲ. ಯಾರ ಮುಂದೂ ಹೇಳಬ್ಯಾಡ.”

ಹೇಳುವುದಿಲ್ಲ ಎಂದೆ. ಮನಸಾರೆ ಎಂದೆ. ಗಿರಣಿಗೆ ಮರಳಿ ಹೋಗಿ ಡಬ್ಬಿ ಎತ್ತಿಕೊಂಡೆ.

ಆ ಚಳಿಗಾಲದಲ್ಲಿ ಚಿಕ್ಕೋಡಿಯಲ್ಲಿ ತಾಲೂಕುಗಳ ನಡುವಿನ ಚರ್ಚಾಸ್ಪರ್ಧೆ. ಗೆದ್ದವರಿಗೆ ಢಾಲು, ಅಂದರೆ ಬಹುಮಾನದ ಫಲಕ, ಕೊಡುವವರು ನಮ್ಮ ಕಮಿಟಿಯವರು, ಹೀಗಾಗಿ ಅಧ್ಯಕ್ಷರು ಮತ್ತು ಅಪ್ಪ ಮುಂದಿನ ಸಾಲಿನಲ್ಲಿ. ಅಕ್ಕೋರು ಪ್ರಾರ್ಥನೆಗೆ ಪೇಟಿ ನುಡಿಸಲು ಬಂದವರು ವೇದಿಕೆಯ ಬದಿಗೇ ಕೂತಿದ್ದರು. ವಿಷಯ: ಮೂಢನಂಬಿಕೆಯಿಂದ ಸಮಾಜಕ್ಕೆ ಕೇಡು. ನಾನು ಪರ. ನನ್ನ ಭಾಷಣದಲ್ಲಿ ಬೆಕ್ಕು ಅಡ್ಡ ಬಂದದ್ದಿತ್ತು, ನಿಂಬೆಹಣ್ಣಿತ್ತು, ಗ್ರಹಣವಿತ್ತು. ಸಿಂಧೂರವನ್ನು ಬೇಕೆಂದೇ ಬಿಟ್ಟಿದ್ದೆ.

ತಂದದ್ದು ಎದುರಾಳಿ. ರಾಯಬಾಗದ ಹುಡುಗಿ, ಚುರುಕಾಗಿದ್ದಳು. “ಹಿರಿಯರ ಮಾತೆಲ್ಲ ಮೂಢನಂಬಿಕೆಯೆಂದು ನನ್ನ ಎದುರಾಳಿ ಹೇಳುತ್ತಾರೆ. ಸಿಂಧೂರ ತಿಂದರೆ ದನಿ ಹೋಗುತ್ತದೆಂದು ಹಿರಿಯರೇ ಹೇಳಿದ್ದು. ಅದು ಸುಳ್ಳೇ? ದೂರ ಹೋಗುವುದು ಬೇಡ, ಅವರ ಶಾಲೆಯ ಸಂಗೀತ ಶಿಕ್ಷಕಿಯೇ ಇಲ್ಲಿ ಕುಳಿತಿದ್ದಾರೆ!” ಎಂದು ಕೈ ತೋರಿಸಿದಳು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನಿಂದ ಯಾರೋ, “ಈಗ ಹೇಳ ಬೇ!” ಎಂದು ಕೂಗಿದರು, ಎಲ್ಲರೂ ನಕ್ಕರು.

ಉತ್ತರಕ್ಕೆ ನನಗೆ ಎರಡು ನಿಮಿಷವಿತ್ತು. ಒಬ್ಬರಿಗೆ ಆದದ್ದು ನಿಯಮವಾಗುವುದಿಲ್ಲ, ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಅದೇ ಕಾರಣವಲ್ಲ. ಅಷ್ಟು ಸಾಕಾಗಿತ್ತು, ತೀರ್ಪುಗಾರರು ಒಪ್ಪುತ್ತಿದ್ದರು. ಇದು ನನಗೆ ಆ ಗಳಿಗೆಯಲ್ಲೂ ಗೊತ್ತಿತ್ತು ಎಂಬುದೇ ಇವತ್ತಿಗೂ ನನ್ನನ್ನು ದಂಗುಬಡಿಸುತ್ತದೆ. ಆದರೆ ಜನ ನನ್ನನ್ನು ನೋಡಿ ನಕ್ಕುಬಿಟ್ಟಿದ್ದರಲ್ಲ. ನನ್ನ ಬಾಯಿ ತಾನಾಗಿ ತೆರೆಯಿತು:

“ಅವರ ದನಿ ಹೋಗಿಲ್ಲ. ನಾನು ನನ್ನ ಕಿವಿಯಿಂದ ಕೇಳಿದ್ದೇನೆ.”

ರಾಯಬಾಗದವಳು ಗ್ರಾಂಥಿಕ ಭಾಷೆಯನ್ನೂ ಮರೆತು, “ಹಂಗಾರ ಹಾಡಸು ನೋಡೂಣು!” ಎಂದಳು. ಅಷ್ಟೇ ಬೇಕಾಗಿತ್ತು. ಹಾಡ್ರಿ, ಹಾಡ್ರಿ ಎಂದು ಇಡೀ ಸಭಾಗೃಹ ಎದ್ದಿತು.

ನಾನು ಅಕ್ಕೋರ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಕೊನೆಯ ಸಾಲು ಎಲ್ಲಿದೆ, ಕಿಟಕಿಗಳು ಎಷ್ಟಿವೆ ಎಂದು ಅಂದಾಜು ಮಾಡುವವರ ಹಾಗೆ ಸಭೆಯನ್ನು ಅಳೆಯುತ್ತಿದ್ದರು. ಕುತ್ತಿಗೆಯ ವಸ್ತ್ರ ಬಿಚ್ಚಿ ಮಡಚಿಟ್ಟರು. ಪೇಟಿಯ ಮೇಲೆ ಕಪ್ಪು ನಾಲ್ಕನೇ ಮನೆಗೆ ಬೆರಳಿಟ್ಟರು. ಹಾಡಿದ್ದು ನಮ್ಮ ಶಾಲೆಯ ಪ್ರಾರ್ಥನೆ.

ಮಗ್ಗಿ ಹೇಳಿದ ಹಾಗೆ ನಾವು ದಿನಾ ಒಪ್ಪಿಸುತ್ತಿದ್ದ ಪ್ರಾರ್ಥನೆಯದು. ಅದರೊಳಗೆ ಇಷ್ಟು ಏರಿಳಿತ, ಇಷ್ಟು ತಿರುವುಗಳು ಇದ್ದವೆಂದು ನಮಗೆ ಯಾರಿಗೆ ಗೊತ್ತಿತ್ತು? ಮೈಕು ಬದಿಗೆ ಸುಮ್ಮನೆ ನಿಂತಿತ್ತು. ಮುಗಿದಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಆಗ ಹಿಂದಿನ ಬಾಗಿಲ ಬಳಿ ನಿಂತಿದ್ದ, ತಲೆಗೆ ಪಟಗಾ ಸುತ್ತಿದ ಮುದುಕನೊಬ್ಬ ಒದರಿದ: “ಇದೆಂಥಾ ಪ್ರಾರ್ಥನಿ? ಇದು ರಾಣಿ ಬರೂಮುಂದಿನ ಪದ! ಮಂಗಸೂಳಿ ಜಾತ್ರ್ಯಾಗ ಕೇಳೇನ್ರಪಾ ನಾ!” ಮತ್ತೆ ಎರಡೂ ಕೈ ಮೇಲೆತ್ತಿ, “ವನ್ಸ್ ಮೋರ್!”

ಕಂಪನಿ ನಾಟಕ ಕಂಡವರಿಗೆ ಇದು ಗೊತ್ತು. ಪ್ರೇಕ್ಷಕ ವನ್ಸ್ ಮೋರ್ ಎಂದರೆ ನಟರು ಮತ್ತೆ ಹಾಡಲೇಬೇಕು. ಪಾತ್ರ ಸತ್ತು ಬಿದ್ದಿದ್ದರೂ ಎದ್ದು, ಹಾಡಿ, ಇನ್ನೊಮ್ಮೆ ಸಾಯಬೇಕು. ಆದರೆ ಇದು ನಾಟಕವಲ್ಲ. ನಾನು ಮನಸ್ಸಿನಲ್ಲೇ ಬೇಡ, ಬೇಡ ಎನ್ನುತ್ತಿದ್ದೆ. ಒಂದು ಸಲ ಹಾಡಿದ್ದಕ್ಕೆ ಏನಾದರೂ ಸಮಜಾಯಿಷಿ ಕೊಡಬಹುದು.

ಅಕ್ಕೋರು ಎದ್ದು ನಿಂತರು. ಮುದುಕನಿದ್ದ ಮೂಲೆಗೆ ಬಾಗಿ ನಮಸ್ಕಾರ ಮಾಡಿದರು. ಪೇಟಿ ಬಿಟ್ಟು ವೇದಿಕೆಯ ನಡುವಿಗೆ ಬಂದರು. ಬಂದರು ಎಂದರೆ ನಾವು ಕಂಡ ನಡಿಗೆಯಲ್ಲ, ಹಿಂದೆ ನಾಲ್ಕು ಜನ ದಾಸಿಯರಿರುವ ನಡಿಗೆ. ಮತ್ತೆ ಹಾಡಿದರು. ಚಾಲ ಅದೇ, ಪದ ಬೇರೆ. ದೇವರಿರಲಿಲ್ಲ ಅದರಲ್ಲಿ, ತಡವಾಗಿ ಬಂದ ರಾಜನನ್ನು ರಾಣಿ ಹಂಗಿಸುವ ಪದ. ಕಂಪನಿಯ ಹಾಡು ನಮ್ಮ ಮಕ್ಕಳ ಕಿವಿಗೆ ಬೀಳಬಾರದು ಎಂದಿದ್ದ ಕಮಿಟಿಯೇ, ಅಕ್ಕೋರು ಹಚ್ಚಿಕೊಟ್ಟ ಇದೇ ಚಾಲವನ್ನು ಎಷ್ಟು ಸಾತ್ವಿಕವಾಗಿದೆ ಎಂದು ಮೆಚ್ಚಿ, ಪ್ರಾರ್ಥನೆಗೆ ಆರಿಸಿತ್ತು. ಅಧ್ಯಕ್ಷರ ಮುಖ ನೋಡಿದೆ. ಅವರಿಗೂ ಅದು ಹೊಳೆದಿತ್ತು. ಎದ್ದು ಹೊರಟುಹೋದರು. ಅಪ್ಪ ತಲೆ ತಗ್ಗಿಸಿ ಕೂತಿದ್ದ.

ಢಾಲು ನನಗೇ ಬಂತು. ಅದನ್ನು ಕೈಗೆ ಕೊಟ್ಟವರು ಯಾರೆಂದೂ ನೆನಪಿಲ್ಲ.

ಮರುದಿನ ಸಂಜೆ ಕಮಿಟಿಯವರು ನಮ್ಮ ಮನೆಗೆ ಬಂದರು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟವಾಗಬೇಕಲ್ಲ, ಅವ್ವ ಅವಸರದಲ್ಲಿ ಬಡಿಸುತ್ತಿದ್ದಳು. ನಾನು ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲ ಮರೆಯಲ್ಲಿದ್ದೆ.

“ಮಂದಿ ಒತ್ತಾಯಕ್ಕ ಒಂದು ಸಲ ಹಾಡ್ಯಾರ, ಆತು,” ಅಧ್ಯಕ್ಷರು ಹೇಳುತ್ತಿದ್ದರು. “ಎರಡನೇ ಸಲ? ಅದೂ ಆ ಪದ? ಅದ್ಯಾರ ಒತ್ತಾಯ?”

“ಆ ಮುದಕ ಒದರಿದ,” ಎಂದ ಅಪ್ಪ.

“ಮುದಕ ಒದರಿದ್ರ ನೀವು ಎದ್ದ ಕುಣಿತೀರೇನ ಸಾಹುಕಾರ್ರ? ಶರತ್ತು ಶರತ್ತು.”

ಆಗ ಅಪ್ಪ ಕೈಯಲ್ಲಿದ್ದ ತುತ್ತು ತಾಟಿಗಿಟ್ಟ. “ಶರತ್ತು ಬರದಾಂವ ನಾನ. ಸಿಂಧೂರದ ಕತಿ ಹುಟ್ಟಸಿದಾಂವನೂ ನಾನ. ಶಿಕ್ಷಾ ಕೊಡೂದಾದ್ರ ನನ್ನಿಂದ ಸುರು ಮಾಡ್ರಿ.”

ಬುಟ್ಟಿ ನನ್ನ ಕೈಯಿಂದ ಜಾರಿತು. ರೊಟ್ಟಿಗಳು ಪಡಸಾಲೆಯ ತುಂಬ ಉರುಳಿದವು. ಮೂರು ಊರಲ್ಲಿ ಆರೋಪಿಗಳನ್ನು ಹುಡುಕಿದವಳು ನಾನು. ನನ್ನ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಅವರು ಹೋದ ಮೇಲೆ ಅಪ್ಪನ ಎದುರಿಗೆ ನಿಂತೆ. “ಯಾಕ ಮಾಡಿದಿ ಅಪ್ಪಾ?”

“ಮತ್ತೇನ ಮಾಡಬೇಕಾಗಿತ್ತು? ಆಕಿ ಬೀದಿಗಿ ಬೀಳೂದ ನೋಡಬೇಕಾಗಿತ್ತೇನ?” ಅಪ್ಪ ನನ್ನ ಮುಖ ನೋಡದೆ ಹೇಳಿದ. “ಆಕಿ ಹಾಡ ಕೇಳಾಕ ಕಾಗವಾಡಕ್ಕ ಸೈಕಲ್ ಮ್ಯಾಲ ಹೋಗತಿದ್ದೆ ನಾ. ನಿಮ್ಮವ್ವನ್ನ ಮದಿವಿ ಆಗೂದಕ್ಕಿಂತ ಮೊದಲು. ಅಂಥಾ ದನಿ...”

ನಾನು ವಾದಿಸಲು ಬಾಯಿ ತೆರೆದೆ. ಆ ದನಿ ಕೇಳಲು ಸೈಕಲ್ ತುಳಿದವನೇ ಅದಕ್ಕೆ ಬಾಯಿ ಕಟ್ಟಿದ್ದು ಹೇಗೆ ಸರಿ? ಆದರೆ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟು, ನಾಲ್ಕು ಜನ ನಕ್ಕದ್ದಕ್ಕೆ ಆ ಮಾತು ಮುರಿದವಳು ಯಾವ ಬಾಯಿಂದ ಕೇಳಬೇಕು?

ಅಪ್ಪ ಹೋರಾಡಿ ಒಂದು ದಾರಿ ಮಾಡಿದ್ದ. ಅಕ್ಕೋರು ಕ್ಷಮಾಪಣೆ ಬರೆದುಕೊಟ್ಟರೆ ನೌಕರಿ ಉಳಿಯುತ್ತದೆ. ಕಾಗದವನ್ನು ತಾನೇ ಬರೆದ. “ವಿದ್ಯಾರ್ಥಿನಿಯೊಬ್ಬಳ ದುಡುಕಿನ ಮಾತಿನಿಂದಲೂ ಸಭಿಕರ ಒತ್ತಾಯದಿಂದಲೂ, ಆಕೆಯ ಮಾನ ಉಳಿಸುವ ಸಲುವಾಗಿ ಒಂದು ಸಲ ಹಾಡಿದ್ದೇನೆ, ಇನ್ನು ಮುಂದೆ ಹಾಡುವುದಿಲ್ಲ.” ಅದರ ಕೆಳಗೆ, ಅಧ್ಯಕ್ಷರ ಹಟಕ್ಕೆ, ಇನ್ನೊಂದು ಸಾಲು: “ಎರಡನೆಯ ಸಲ ಹಾಡಲು ಕಾರಣ”, ಮುಂದೆ ಖಾಲಿ ಜಾಗ. ಅದನ್ನು ಅಕ್ಕೋರೇ ತುಂಬಬೇಕು, ಕಮಿಟಿಗೆ ಒಪ್ಪಿಗೆಯಾಗಬೇಕು.

ಕಾಗದ ಒಯ್ಯಲು ನಾನೇ ಹೋಗುತ್ತೇನೆ ಎಂದೆ. ದಾರಿಯುದ್ದಕ್ಕೂ ಕಾರಣಗಳನ್ನು ಹೊಂದಿಸಿಕೊಂಡೆ. ದಾರಿಯ ತಂಬಾಕಿನ ಗೋದಾಮುಗಳ ಘಾಟಿಗೆ ಸೀನುತ್ತ, ಕಣ್ಣೊರೆಸುತ್ತ ಅವರ ಖೋಲಿ ಸೇರಿದೆ. ಗಿರಣಿ ಅವತ್ತು ಬಂದ್ ಇತ್ತು.

ಬಾಗಿಲು ತೆರೆದೇ ಇತ್ತು. ಅಕ್ಕೋರು ಕಾಗದವನ್ನು ನಿಂತೇ ಓದಿದರು. ನಾನು ತಪ್ಪಾಯಿತು ಎನ್ನಬೇಕೆಂದಿದ್ದೆ. ಅದರ ಬದಲು ನನ್ನ ಬಾಯಿಂದ ಬಂದದ್ದು ವಾದವೇ.

“ಮೂರು ಕಾರಣ ಅದಾವ್ರಿ ಅಕ್ಕೋರ. ಒಂದು, ಮುದಕ ವಯಸ್ಸಾದಾಂವ, ಹಿರ್ಯಾರ ಮಾತು ಮೀರಬಾರದಂತ ಹಾಡಿದೆ ಅಂತ ಬರೀರಿ. ಎರಡು, ಹಾಡಲಿಲ್ಲಂದ್ರ ಮಂದಿ ಖುರ್ಚಿ ಮುರೀತಿದ್ರು, ಅದಕ್ಕ. ಮೂರು...” ಇಲ್ಲಿ ತಡವರಿಸಿದೆ. “ಊರಾಗ ಆಗಲೇ ಅನ್ನಾಕತ್ತಾರ್ರಿ, ಮಂಗಸೂಳಿ ಮಲ್ಲಯ್ಯ ದನಿ ತಿರುಗಿ ಕೊಟ್ಟಾನ ಅಂತ. ದೇವರ ಪ್ರೇರಣಾ ಅಂತ ಬರದ್ರ ಯಾರೂ ತುಟಿ ಬಿಚ್ಚೂದಿಲ್ಲ.”

ಅಕ್ಕೋರು ನಕ್ಕರು. ಗಿರಣಿಯಿಲ್ಲದ ಮಧ್ಯಾಹ್ನದಲ್ಲಿ ಓಣಿಗೆಲ್ಲ ಕೇಳುವಂತೆ, ತುಂಬು ದನಿಯಲ್ಲಿ. “ಮೂಢನಂಬಿಕಿ ಮ್ಯಾಲ ಢಾಲು ಗೆದ್ದಾಕಿ ಅಲ್ಲೇನ ನೀ? ಮೂರೂ ಛಲೋ ಅದಾವ ತಂಗಿ. ಮೂರನೇದಂತೂ ಭಾಳ ಛಲೋ ಐತಿ.” ಆದರೆ ಪೆನ್ನು ತೆರೆಯಲಿಲ್ಲ. ಕಾಗದವನ್ನು ಪೇಟಿಯ ಮೇಲಿಟ್ಟು, ಹಾರದಂತೆ ಜೇಷ್ಠಮಧುವಿನ ಡಬ್ಬಿ ಹೇರಿದರು. ಕುತ್ತಿಗೆ ಬರಿದಾಗಿತ್ತು.

“ಬರೀರಿ ಅಕ್ಕೋರ,” ಎಂದು ನಾನು ಕಾಗದವನ್ನು ಎತ್ತಿ ಅವರ ಮುಂದೆ ಹಿಡಿದೆ. “ಇವತ್ತ ಒಯ್ದು ಕೊಡಬೇಕ್ರಿ. ಯಾವುದರ ಒಂದು ಬರೀರಿ.”

ಅವರು ಕಿಟಕಿಯ ಕಡೆ ತಿರುಗಿದರು. ನಾನು ಹೋಗಿ ಅವರ ಎದುರಿಗೇ ನಿಂತೆ.

“ಮೊದಲನೇ ಸಲ ನನ್ನ ಸಲುವಾಗಿ ಹಾಡಿದ್ರಿ ಅಂತ ಅಪ್ಪ ಬರದಾನ, ಅದು ಖರೇನೂ ಇರಬಹುದು. ಎರಡನೇ ಸಲ ಹಾಡೂಮುಂದ ನೌಕರಿ ಹೋಗತೈತಿ, ಖೋಲಿ ಹೋಗತೈತಿ ಅಂತ ನಿಮಗ ಗೊತ್ತಿತ್ತಲ್ರಿ. ಮತ್ತ ಅದನ್ನ ಯಾರ ಸಲುವಾಗಿ ಹಾಡಿದ್ರಿ ಅಕ್ಕೋರ?”